ದಿನ ತುಂಬದ ಕೂಸುಗಳ ವಾರ್ಡು

ಜಿಲ್ಲಾ ಆಸ್ಪತ್ರೆಯ ಮೇಲಿನ ಮಹಡಿಯ ಆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಯಾವ ಹೊತ್ತಿಗೂ ಕರಗುವುದಿಲ್ಲ. ಪಕ್ಕದ ಬೆಂಚಿನ ಮೇಲೆ ಬುತ್ತಿ, ಕೌದಿ, ಫ್ಲಾಸ್ಕು ಇಟ್ಟುಕೊಂಡು ಕುಳಿತ ಅಜ್ಜಿಯರು. ಬೋರ್ಡಿನ ಮೇಲೆ ‘ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ’ ಎಂದಿದ್ದರೂ ಈ ಸೀಮೆಯವರ ಬಾಯಲ್ಲಿ ಮಾತು ಒಂದೇ: “ಕೂಸಿನ್ನ ಗ್ಲಾಸಿನ್ಯಾಗ ಇಟ್ಟಾರ.” ಒಳಗೆ ಹೋಗುವ ತಾಯಿ ಬಳೆ, ಉಂಗುರ ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ಅಲ್ಲೇ ಮೊದಲ ತಕರಾರು.

“ಮುತ್ತೈದಿ ಬರೇ ಕೈಲೆ ಹೆಂಗ ಹೋಗ್ಬೇಕ್ರಿ ಸಿಸ್ಟರ್?” ಎನ್ನುತ್ತಾಳೆ ಅತ್ತೆ.

“ಒಳಗ ಇರೋತನಕ ಬಳಿ ನಿಮ್ಮ ಹತ್ರ ಇರ್ಲಿ ಆಯಿ. ಹೊರಗ ಬಂದ ಕೂಡ್ಲೆ ನೀವ ತೊಡಸ್ರಿ.”

ಒಳಗೆ ಗಾಜಿನ ಪೆಟ್ಟಿಗೆಗಳಿಗಿಂತ ಹೆಚ್ಚಾಗಿ ಕಾಣುವುದು ತೆರೆದ ವಾರ್ಮರ್‌ಗಳು, ಅಂದರೆ ನೆತ್ತಿಯ ಮೇಲೆ ಹೀಟರ್ ಇರುವ ಪುಟ್ಟ ಮಂಚಗಳು. ಮೂರನೆಯದರಲ್ಲಿ 30 ವಾರಕ್ಕೇ ಹುಟ್ಟಿದ ಹೆಣ್ಣುಕೂಸು. ಬಸಿರಿನ ದಿನ ತುಂಬಿತು ಎನ್ನಲು 37 ವಾರವಾದರೂ ಆಗಬೇಕು. ಹುಟ್ಟಿದಾಗ 1,180 ಗ್ರಾಂ ಇದ್ದದ್ದು ಐದನೆಯ ದಿನಕ್ಕೆ 1,090ಕ್ಕೆ ಇಳಿದಿದೆ. ಮೊದಲ ವಾರ ಮೈನೀರು ಕಳೆದು ತೂಕ ಇಳಿಯುವುದು ಸಹಜ ಎಂದು ಡಾಕ್ಟರು ಹೇಳಿದರೂ ಬೆಂಚಿನ ಮೇಲಿನ ಅಜ್ಜಿಗೆ ಸಮಾಧಾನವಿಲ್ಲ: “ಇದ್ದದ್ದೂ ಹೋತಲ್ರಿ!” ಕೂಸಿನ ಹೊಟ್ಟೆಯ ಮೇಲೆ ನೀಲಿ ನರಗಳನ್ನು ಎಣಿಸಬಹುದು. ಕಿವಿಯನ್ನು ಮಡಚಿದರೆ ಮಡಚಿದ ಹಾಗೇ ಉಳಿಯುತ್ತದೆ, ಒಳಗಿನ ಮೆದು ಎಲುಬು ಇನ್ನೂ ಬಿಗಿದಿಲ್ಲ. ತೊಡೆಯ ಚರ್ಮವೆಲ್ಲ ಸುಕ್ಕು. ಅದರಡಿ ಕೊಬ್ಬು ಕೂಡುವುದು ಕೊನೆಯ ಎರಡು ತಿಂಗಳಲ್ಲಿ, ಅವೆರಡೂ ಇದಕ್ಕೆ ಸಿಕ್ಕಿಲ್ಲ. ಹಾಗಾಗಿ ಮೈಯ ಬಿಸಿಯನ್ನು ಹಿಡಿದಿಡಲು ಅದಕ್ಕೆ ಬಾರದು.

ಮಂಚದ ಪಕ್ಕದಲ್ಲಿ ನೀರಿನ ಬಾಟಲಿಯೊಂದು ಬುಳುಬುಳು ಎನ್ನುತ್ತಲೇ ಇದೆ. ಮೂಗಿಗೆ ಕೂರಿಸಿದ ಕೊಳವೆಯ ಇನ್ನೊಂದು ತುದಿ ಆ ನೀರಿನಲ್ಲಿ ಐದಾರು ಸೆಂಟಿಮೀಟರ್ ಮುಳುಗಿದೆ. ಆ ಆಳವೇ ಕೂಸಿನ ಎದೆಯೊಳಗೆ ಒತ್ತಡವಾಗಿ ನಿಲ್ಲುತ್ತದೆ. ದಿನ ತುಂಬಿದ ಶ್ವಾಸಕೋಶದ ಗಾಳಿಗೂಡುಗಳ ಒಳಮೈಗೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಲೇಪವಿರುತ್ತದೆ. ಅದು ಸಾಲದಿದ್ದರೆ, ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿ ಅಂಟಿಕೊಂಡಂತೆ, ಉಸಿರು ಬಿಟ್ಟಾಗಲೆಲ್ಲ ಗೂಡುಗಳು ಮುಚ್ಚಿಕೊಳ್ಳುತ್ತವೆ. ಮತ್ತೆ ತೆರೆಯಲು ಕೂಸು ಪಕ್ಕೆಲುಬು ಒಳಸರಿಯುವಷ್ಟು ಹೆಣಗುತ್ತದೆ. ಈ ಕೊರತೆಯನ್ನು ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿಕೊಟ್ಟದ್ದು 1959ರಲ್ಲಿ. ನಾಲ್ಕು ವರ್ಷದ ನಂತರ, 1963ರ ಆಗಸ್ಟ್‌ನಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ ಇದೇ ತೊಂದರೆಯಿಂದ 39 ಗಂಟೆಯಲ್ಲಿ ತೀರಿಕೊಂಡ. ಅವನ ತೂಕ ಎರಡು ಕಿಲೋಗಿಂತ ಹೆಚ್ಚಿತ್ತು. ಅಂದು ಶ್ವೇತಭವನಕ್ಕೂ ಸಿಗದಿದ್ದ ಚಿಕಿತ್ಸೆ ಇಂದು ಈ ವಾರ್ಡಿನಲ್ಲಿದೆ: ಹೆರಿಗೆಗೆ ಮುಂಚೆ ತಾಯಿಗೆ ಕೊಡುವ ಸ್ಟೀರಾಯ್ಡ್ ಸೂಜಿ, ಹುಟ್ಟಿದ ಮೇಲೆ ಈ ಬಾಟಲಿಯ ಒತ್ತಡ, ಬೇಕಾದರೆ ಕೊಳವೆಯಿಂದ ಶ್ವಾಸಕೋಶಕ್ಕೇ ಹಾಕುವ ಸರ್ಫ್ಯಾಕ್ಟೆಂಟ್.

ಮಾನಿಟರ್ ಕೂಗಿತು. ಆಮ್ಲಜನಕದ ಅಂಕಿ 98. ಕಡಿಮೆಯಾದರೆ ಓಡಿ ಬರುವಷ್ಟೇ ಅವಸರದಲ್ಲಿ ಸಿಸ್ಟರ್ ಬಂದು ಆಮ್ಲಜನಕವನ್ನು ಇಳಿಸಿದರು. 90ಕ್ಕಿಂತ ಕೆಳಗೆ ಬೇಡ, 95 ದಾಟಲೂ ಬೇಡ. 1940ರ, 50ರ ದಶಕಗಳಲ್ಲಿ ಆಮ್ಲಜನಕವನ್ನು ಧಾರಾಳವಾಗಿ ಹರಿಸಿದ ಪಶ್ಚಿಮದ ಆಸ್ಪತ್ರೆಗಳಲ್ಲಿ ಸಾವಿರಾರು ಮಕ್ಕಳು ಬದುಕುಳಿದೂ ಕುರುಡಾದರು. ಕಣ್ಣಿನ ಹಿಂಪರದೆಯ ರಕ್ತನಾಳಗಳು ಪೂರ್ತಿ ಬೆಳೆಯುವುದು ದಿನ ತುಂಬುವ ಹೊತ್ತಿಗೆ. ಅದಕ್ಕೂ ಮೊದಲೇ ಹೊರಬಂದ ಕೂಸಿಗೆ ಆಮ್ಲಜನಕ ಅತಿಯಾದರೆ ಅವು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಕಿತ್ತೆಳೆಯಬಹುದು. ಈ ವಾರ್ಡಿನಲ್ಲಿ ಎಲ್ಲಕ್ಕೂ ಹದ ಬೇಕು. ಪ್ರಾಣ ಉಳಿಸುವ ವಸ್ತುವೇ ಅಳತೆ ಮೀರಿದರೆ ಕೇಡು.

ಅಷ್ಟರಲ್ಲಿ ಐದನೆಯ ಮಂಚದಿಂದ ಇನ್ನೊಂದು ಕೂಗು. ಆ ಕೂಸು ಉಸಿರಾಡುವುದನ್ನೇ ಮರೆತಿತ್ತು. ಸಿಸ್ಟರ್ ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಕೂಸು ಮುಖ ಕಿವುಚಿ ಮತ್ತೆ ಉಸಿರೆಳೆಯಿತು. ಉಸಿರಾಟ ನಡೆಸುವ ಮಿದುಳಿನ ಭಾಗ ಇನ್ನೂ ಪಳಗಿಲ್ಲ, ಅದನ್ನು ಎಚ್ಚರವಾಗಿಡಲು ದಿನಕ್ಕೊಮ್ಮೆ ಕೆಫೀನ್ ಕೊಡುತ್ತಾರೆ. ಕಾಫಿಯಲ್ಲಿರುವ ಅದೇ ಕೆಫೀನ್. ಮಿದುಳಿನ ರಕ್ತನಾಳಗಳೂ ತೀರಾ ನಾಜೂಕಾದ್ದರಿಂದ ಕೂಸನ್ನು ಪದೇ ಪದೇ ಮುಟ್ಟುವಂತಿಲ್ಲ. ಸೂಜಿ, ಒರೆಸುವುದು, ಮಗ್ಗಲು ಬದಲಿಸುವುದು ಎಲ್ಲ ಒಟ್ಟಿಗೆ ಮುಗಿಯಬೇಕು.

ಹಾಲಿನದೂ ಹಾಗೆಯೇ. ಮೂರನೆಯ ಮಂಚದ ತಾಯಿ ಎರಡು ತಾಸಿಗೊಮ್ಮೆ ಬಟ್ಟಲಿಗೆ ಹಾಲು ಹಿಂಡುತ್ತಾಳೆ. ಕೂಸಿಗೆ ಹೋಗುವುದು ಬಾಯಿಂದ ಹೊಟ್ಟೆಗಿಳಿಸಿದ ನಳಿಗೆಯಲ್ಲಿ, ಮಿಲಿಲೀಟರ್ ಲೆಕ್ಕದಲ್ಲಿ. ಹಸಿವೆಯೆಂದು ಒಮ್ಮೆಗೇ ಹೆಚ್ಚಿಸುವಂತಿಲ್ಲ. ಬಲಿಯದ ಕರುಳು ಬಾತು ಕೊಳೆಯಲೂಬಹುದು. ಆ ಅಪಾಯವನ್ನು ತಗ್ಗಿಸುವುದು ಎದೆಹಾಲೇ, ಡಬ್ಬಿಯ ಪುಡಿಯಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳಲು ಸುಮಾರು 34 ವಾರವಾಗಬೇಕು. ಅಲ್ಲಿಯವರೆಗೆ ನಳಿಗೆ, ಆಮೇಲೆ ಒಳಲೆ, ಕೊನೆಗೆ ಎದೆ. ಅಜ್ಜಿಯರ ಕಾಲದ ಆ ಮೂತಿಯ ಬಟ್ಟಲು ಇಲ್ಲಿ ಸ್ಟೀಲಿನದಾಗಿ, ಕುದಿಸಿದ ನೀರಿನಿಂದ ಹೊರಬಂದು ಟ್ರೇಯಲ್ಲಿ ಸಾಲಾಗಿ ಕುಳಿತಿದೆ.

ಪಕ್ಕದ ಕೋಣೆಯಲ್ಲಿ ಯಂತ್ರಗಳ ಸದ್ದಿಲ್ಲ. ಒರಗು ಕುರ್ಚಿಗಳಲ್ಲಿ ತಾಯಂದಿರು. ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಬಿಟ್ಟರೆ ಬರಿಮೈಯ ಕೂಸುಗಳು ಅವರ ಎದೆಗಳ ನಡುವೆ, ಕಪ್ಪೆಯ ಭಂಗಿಯಲ್ಲಿ, ಬಟ್ಟೆಯಿಂದ ಬಿಗಿಸಿಕೊಂಡಿವೆ. ಇನ್‌ಕ್ಯುಬೇಟರ್ ಸಾಲದೆ ಒಂದರಲ್ಲಿ ಹಲವು ಕೂಸುಗಳನ್ನಿಡಬೇಕಾಗಿದ್ದ ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಡಾ. ಎಡ್ಗರ್ ರೇ ಮತ್ತು ಡಾ. ಹೆಕ್ಟರ್ ಮಾರ್ಟಿನೆಜ್ ಕಂಡುಕೊಂಡ ದಾರಿ ಈ ಕಾಂಗರೂ ಆರೈಕೆ. ಬಡವರ ಉಪಾಯವೆಂದು ಬಹುಕಾಲ ಅನ್ನಿಸಿಕೊಂಡದ್ದನ್ನು 2021ರಲ್ಲಿ ಪ್ರಕಟವಾದ, ಭಾರತವೂ ಸೇರಿದಂತೆ ಐದು ದೇಶಗಳ ಅಧ್ಯಯನ ಎತ್ತಿಹಿಡಿಯಿತು. 1ರಿಂದ 1.8 ಕಿಲೋ ತೂಕದ ಕೂಸುಗಳನ್ನು ಸ್ಥಿರವಾಗುವವರೆಗೆ ಕಾಯದೆ, ಹುಟ್ಟಿದ ಕೂಡಲೇ ಎದೆಗೆ ಕಟ್ಟಿದಾಗ ಮೊದಲ 28 ದಿನಗಳ ಸಾವು ಕಾಲುಭಾಗ ಕಡಿಮೆಯಾಗಿತ್ತು. ಇದನ್ನು ಇಡೀ ಜಿಲ್ಲೆಗೆ ಹರಡುವುದು ಹೇಗೆಂದು ಅಭ್ಯಾಸ ಮಾಡಿದ ಜಾಗಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಮೂಲೆಯ ಕುರ್ಚಿಯಲ್ಲಿ ಅಂಗಿಗುಂಡಿ ಬಿಚ್ಚಿ ಕುಳಿತ ಅಪ್ಪನೊಬ್ಬ ಇದ್ದಾನೆ. ಹೆಂಡತಿ ಊಟ ಮುಗಿಸಿ ಬರುವವರೆಗೆ ಪಾಳಿ ಅವನದು. ಕೆಮ್ಮಿದರೆ ಕೂಸು ಬೆಚ್ಚೀತೆಂದು ಕೆಮ್ಮನ್ನೂ ನುಂಗುತ್ತಿದ್ದಾನೆ.

ಮಧ್ಯಾಹ್ನ ಒಂದು ಕೂಸು ಮನೆಗೆ ಹೊರಟಿತು. 32 ವಾರಕ್ಕೆ ಹುಟ್ಟಿ, ಈಗ ಮೂರು ವಾರದ್ದಾಗಿ, ಒಳಲೆಯಿಂದ ಚೆನ್ನಾಗಿ ಕುಡಿಯುತ್ತಿದೆ. “ಏಳರಾಗ ಹುಟ್ಟಿದ್ದು ಉಳೀತೈತಿ, ಎಂಟರಾಗಿಂದು ಉಳಿಯಂಗಿಲ್ಲ ಅಂತಿದ್ರು. ಇದು ಉಳೀತು ನೋಡ್ರಿ,” ಎಂದು ಅಜ್ಜಿ ಬೀಗಿದಳು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ ಎಂದು ಸಿಸ್ಟರ್ ತಿದ್ದಿದರು. ಮನೆಯಲ್ಲಿ ಎಣ್ಣೆನೀರು ಬೇಡ, ಲೋಬಾನದ ಹೊಗೆ ಬೇಡ, ಎದೆಗೆ ಕಟ್ಟುವುದನ್ನು ಬಿಡಬೇಡಿ ಎಂದು ಹೇಳಿ ಕಾರ್ಡಿನ ಮೇಲೆ ಒಂದು ತಾರೀಖಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದರು. ಅದು ಕಣ್ಣಿನ ಪರೀಕ್ಷೆಯ ದಿನ.

“ಕಣ್ಣ ಬಿಟ್ಟು ಚಲೋ ನೋಡ್ತೈತಲ್ರಿ ಮತ್ತ?” ಅಪ್ಪನಿಗೆ ಅನುಮಾನ.

ಹಿಂಪರದೆಯ ಕೆಡುಕು ಹೊರಗಿನಿಂದ ಕಾಣುವುದಿಲ್ಲ. ಹುಟ್ಟಿದ ನಾಲ್ಕು ವಾರದೊಳಗೆ ನೋಡಿದರೆ ಹಿಡಿಯಬಹುದು, ಹೆಚ್ಚಿದ್ದರೆ ಎರಡು ಮೂರು ದಿನಗಳಲ್ಲೇ ಲೇಸರ್ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ‘ಕಿಡ್‌ರಾಪ್’ ಯೋಜನೆಯ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆ ಸುತ್ತಿ ಚಿತ್ರ ತೆಗೆಯುವುದು, ತಜ್ಞರು ದೂರದಿಂದಲೇ ನೋಡಿ ಹೇಳುವುದು ಈ ಗಡುವಿಗಾಗಿಯೇ. ಆದರೆ ಕ್ಯಾಮೆರಾ ಬಂದ ದಿನ ಕೂಸೂ ಬರಬೇಕು.

“ಅವತ್ತ ಕೂಲಿ ಹೋಗ್ತೈತ್ರಿ ಸಿಸ್ಟರ್.”

“ಒಂದಿನದ ಕೂಲಿ ಹೋಗ್ಲಿ ತಮ್ಮಾ. ಇಷ್ಟ ದಿನ ನಾವು ಅಳತಿ ಮಾಡಿ ಕೊಟ್ಟ ಗಾಳಿ ಕಣ್ಣಿಗೆ ಒಳ್ಳೇದ ಮಾಡೈತೋ ಕೆಟ್ಟದ್ದ ಮಾಡೈತೋ ಅವತ್ತ ಗೊತ್ತಾಗೂದು.”

ಅವನು ಮಾತಾಡದೆ ಫೋನು ತೆಗೆದ. ತಾರೀಖನ್ನೂ ಊರಿನ ಆಶಾ ಕಾರ್ಯಕರ್ತೆಯ ನಂಬರನ್ನೂ ಬರೆದುಕೊಂಡು, ಅವತ್ತು ಊರಿನಿಂದ ಮೊದಲ ಬಸ್ಸು ಹಿಡಿದರೆ ಎಷ್ಟು ಗಂಟೆಗೆ ಇಲ್ಲಿರಬಹುದೆಂದು ತನ್ನ ಕೂಲಿಯ ಮೇಸ್ತ್ರಿಗೆ ಫೋನು ಹಚ್ಚಿ ಕೇಳತೊಡಗಿದ.