ನೀಲಿ ದ್ರಾವಣಕ್ಕೆ ಕಿತ್ತಳೆ ಬೆಳಕೇ ಏಕೆ?

ಗುಬ್ಬಿಯಿಂದ ದಿನವೂ ರೈಲಿನಲ್ಲಿ ತುಮಕೂರಿಗೆ ಬಂದು ಎಂಜಿನಿಯರಿಂಗ್ ಮೊದಲ ವರ್ಷ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ರೆಕಾರ್ಡ್ ಪುಸ್ತಕ ಹಿಡಿದು ಮನೆಗೆ ಬಂದ. ತಾಮ್ರದ ಪ್ರಮಾಣವನ್ನು ಬಣ್ಣದಿಂದ ಅಳೆಯುವ ಪ್ರಯೋಗ. ಐದು ಫ್ಲಾಸ್ಕುಗಳಲ್ಲಿ ತಾಮ್ರ ಹೆಚ್ಚುತ್ತಾ ಹೋಗಿದೆ. ಅಮೋನಿಯಾ ಬೆರೆಸಿದಾಗ ಬಂದ ನೀಲಿಯೂ ಗಾಢವಾಗಿದೆ. ಆದರೆ ಕಲರಿಮೀಟರಿನ ಅಂಕಿಗಳು ಮಾತ್ರ ಹೆಚ್ಚುಕಡಿಮೆ ನಿಂತಲ್ಲೇ ನಿಂತಿವೆ!

"ಮೆಷಿನ್ನೇ ಕೆಟ್ಟಿದೆ ಸಾರ್" ಎಂದ.

"ಯಾವ ತರಂಗದೂರಕ್ಕೆ ಇಟ್ಟಿದ್ದೆಯಪ್ಪಾ?"

"450 ನ್ಯಾನೊಮೀಟರ್. ದ್ರಾವಣ ನೀಲಿ ಅಲ್ವಾ ಸಾರ್, ಅದಕ್ಕೇ ನೀಲಿ ಬೆಳಕು."

ಕೆಟ್ಟಿದ್ದು ಯಂತ್ರವಲ್ಲ. ದ್ರಾವಣ ನೀಲಿಯಾಗಿ ಕಾಣುವುದೇ ಅದು ನೀಲಿ ಬೆಳಕನ್ನು ದಾಟಿಸಿಬಿಡುವುದರಿಂದ. ಅದು ಹೀರುವುದು ಕಿತ್ತಳೆ ಬೆಳಕನ್ನು. ಹೀರುವುದನ್ನು ಅಳೆಯಬೇಕಾದ ಕಡೆ ಹುಡುಗ ಹೀರದೆ ಬಿಟ್ಟದ್ದನ್ನು ಅಳೆದಿದ್ದ. ಈ ಪ್ರಯೋಗಕ್ಕೆ ಕಾಲೇಜುಗಳಲ್ಲಿ ಬಳಸುವುದು 620 ನ್ಯಾನೊಮೀಟರ್.

ಈ ಅಂಕಿಯನ್ನು ಬಾಯಿಪಾಠ ಮಾಡಬೇಕಿಲ್ಲ, ನಾವೇ ಕಂಡುಹಿಡಿಯಬಹುದು. ಮಧ್ಯಮ ಬಣ್ಣದ ಒಂದು ದ್ರಾವಣ ತೆಗೆದುಕೊಂಡು 400ರಿಂದ 700ರವರೆಗೆ 20ರ ಅಂತರದಲ್ಲಿ ಹೀರಿಕೆಯನ್ನು ಬರೆದುಕೊಳ್ಳಿ. ತರಂಗದೂರ ಬದಲಿಸಿದಾಗಲೆಲ್ಲ ತಾಮ್ರವಿಲ್ಲದ ದ್ರಾವಣ ಇಟ್ಟು ಸೊನ್ನೆಗೆ ತರಲು ಮರೆಯಬೇಡಿ. ನಕ್ಷೆ ಎಳೆದರೆ ಒಂದು ಗುಡ್ಡ ಮೂಡುತ್ತದೆ. ಅದರ ನೆತ್ತಿಯೇ ನಮಗೆ ಬೇಕಾದ ಜಾಗ.

ನೆತ್ತಿಯೇ ಏಕೆ? ಅಲ್ಲಿ ತಾಮ್ರ ಸ್ವಲ್ಪ ಹೆಚ್ಚಿದರೂ ಅಂಕಿ ಸ್ಪಷ್ಟವಾಗಿ ಏರುತ್ತದೆ ಎಂಬುದು ಒಂದು ಕಾರಣ. ಇನ್ನೊಂದನ್ನು ದೇವರಾಯನದುರ್ಗ ಹತ್ತಿದವರು ಬೇಗ ಗ್ರಹಿಸುತ್ತಾರೆ. ನೆತ್ತಿಯಲ್ಲಿ ಒಂದು ಹೆಜ್ಜೆ ಆಚೀಚೆ ಇಟ್ಟರೂ ಎತ್ತರ ಅಷ್ಟಾಗಿ ಬದಲಾಗದು, ಇಳಿಜಾರಿನಲ್ಲಿ ಹಾಗಲ್ಲ. ಯಂತ್ರದ ತರಂಗದೂರ ಒಂದೆರಡು ನ್ಯಾನೊಮೀಟರ್ ಸರಿದರೂ ನೆತ್ತಿಯ ಅಳತೆ ಕೆಡುವುದಿಲ್ಲ.

ಇದು ಬರೀ ಪ್ರಾಕ್ಟಿಕಲ್ ಅಂಕಗಳ ಮಾತಲ್ಲ. ಈ ಹುಡುಗನ ಸೋದರಮಾವ ಕುಣಿಗಲ್ ಬಳಿ ಕೊಳವೆಬಾವಿ ಕೊರೆಸಿ, ಕುಡಿಯಲು ಯೋಗ್ಯವೇ ಎಂದು ನೀರನ್ನು ಪರೀಕ್ಷೆಗೆ ಕೊಟ್ಟಿದ್ದಾರೆ. ನಮ್ಮ ಜಿಲ್ಲೆಯ ಪಾವಗಡದ ಕಡೆ ಅಂತರ್ಜಲದ ಫ್ಲೋರೈಡ್ ಹಲ್ಲು, ಮೂಳೆಗಳಿಗೆ ಮಾಡಿರುವ ಹಾನಿ ಎಲ್ಲರಿಗೂ ತಿಳಿದದ್ದೇ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮಿತಿ; ಬೇರೆ ನೀರೇ ಇಲ್ಲದಿದ್ದರೆ 1.5. ಫ್ಲೋರೈಡ್ ಅಳೆಯುವ ಒಂದು ಪ್ರಚಲಿತ ವಿಧಾನದಲ್ಲಿ ಜಿರ್ಕೋನಿಯಂ ಬೆರೆತ ಕೆಂಪು ಬಣ್ಣವನ್ನು ಫ್ಲೋರೈಡ್ ತಿಳಿಯಾಗಿಸುತ್ತದೆ. ಫ್ಲೋರೈಡ್ ಹೆಚ್ಚಿದಷ್ಟೂ ಹೀರಿಕೆ ಕಡಿಮೆ. ಅದನ್ನು ಓದುವುದು 570 ನ್ಯಾನೊಮೀಟರಿನಲ್ಲಿ. 570ರಲ್ಲಿ ಎಳೆದ ಅಳತೆಗೆರೆ ಇಟ್ಟುಕೊಂಡು ಮಾದರಿಯನ್ನು ಬೇರೆಡೆ ಓದಿದರೆ ಕೆಟ್ಟ ನೀರು ಒಳ್ಳೆಯದೆನಿಸೀತು, ಒಳ್ಳೆಯದು ಕೆಟ್ಟದ್ದೆನಿಸೀತು.

ಪೋಷಕರು ಮಕ್ಕಳೊಂದಿಗೆ ಮನೆಯಲ್ಲೇ ಇದರ ತಿರುಳನ್ನು ನೋಡಬಹುದು. ಒಂದು ಲೋಟ ನೀರಿಗೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದೆರಡು ಹರಳು ಹಾಕಿ. (ಕುಡಿಯಬಾರದು, ಕೈಗೂ ತಾಗಿಸಬಾರದು.) ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ ಬೆಳಕು ಹಾಯಿಸಿ, ಬಳಿಕ ಹಸಿರು ಕಾಗದ ಸುತ್ತಿ. ಕೆಂಪು ದಾಟುತ್ತದೆ, ಹಸಿರು ಮಂಕಾಗುತ್ತದೆ. ಇದನ್ನು ಅಳೆಯಲು ಯಾವ ಬೆಳಕು ಬೇಕೆಂದು ಮಗುವನ್ನೇ ಕೇಳಿ.

ಮುಂದಿನ ವಾರ ಹುಡುಗ ಮತ್ತೆ ಬಂದ. ಈ ಸಲ 620ರಲ್ಲಿ ಬಿಂದುಗಳು ಸರಳರೇಖೆಯ ಮೇಲೆ ಕುಳಿತಿದ್ದವು. "ಮಾವನ ನೀರನ್ನು ಎಷ್ಟರಲ್ಲಿ ಓದಿದರೋ ಕೇಳಬೇಕು ಸಾರ್" ಎಂದ.