ಇಂಗ್ಲಿಷಿನ ಭೂತಕಾಲದಲ್ಲಿ ಸರ್ವನಾಮದ ಸ್ಥಾನ

ಕನ್ನಡದ ‘ಬಂದೆನು’, ‘ಬಂದಳು’, ‘ಬಂದರು’ ಎಂಬ ರೂಪಗಳಲ್ಲಿ ಕರ್ತೃ ಯಾರೆಂಬುದು ಪ್ರತ್ಯಯದಿಂದಲೇ ವೇದ್ಯವಾಗುತ್ತದೆ. ಇಂಗ್ಲಿಷಿನಲ್ಲಾದರೋ ‘ಐ’, ‘ಶೀ’, ‘ದೇ’ ಯಾವುದಿದ್ದರೂ ಕ್ರಿಯಾಪದವು ‘ಕೇಮ್’ ಎಂದೇ ನಿಲ್ಲುತ್ತದೆ. ‘ವಾಸ್’, ‘ವರ್’ ಎಂಬ ಭೇದವೊಂದೇ ಇದಕ್ಕೆ ಅಪವಾದ. ಆದುದರಿಂದ ಅಲ್ಲಿ ಸರ್ವನಾಮವನ್ನು ಸಾಮಾನ್ಯವಾಗಿ ಬಿಡುವಂತಿಲ್ಲ.

ಸಂಬಂಧಾರ್ಥಕಾವ್ಯಯಗಳಲ್ಲಿಯೂ ಭೇದವುಂಟು. ‘ಶೀ ಕೇಮ್ ಅಂಡ್ ಸ್ಯಾಟ್’ ಎಂಬಲ್ಲಿ ‘ಅಂಡ್’ ಎಂಬುದು ಮೊದಲಿನ ಕರ್ತೃವನ್ನೇ ಎರಡನೆಯ ಕ್ರಿಯೆಗೂ ಒದಗಿಸುತ್ತದೆ. ‘ವೆನ್’ ಬಂದರೆ ಹಾಗಲ್ಲ: ‘ವೆನ್ ಶೀ ಕೇಮ್, ಶೀ ಸ್ಯಾಟ್’ ಎಂದು ಸರ್ವನಾಮವನ್ನು ಮರಳಿ ಹೇಳಬೇಕು.

ಕನ್ನಡವು ‘ಅಂಡ್’ ಮಾಡುವ ಕೆಲಸವನ್ನು ಇಲ್ಲಿ ‘ಬಂದು’ ಎಂಬ ಕೃದಂತಾವ್ಯಯಕ್ಕೆ ವಹಿಸಿದೆ. ‘ಅವಳು ಬಂದಳು ಮತ್ತು ಕುಳಿತಳು’ ಎಂಬ ಅನುವಾದವು ಪದಕ್ಕೆ ಪದವನ್ನಿತ್ತರೂ ಕನ್ನಡದ ಜಾಡನ್ನು ತಪ್ಪುತ್ತದೆ. ‘ಬಂದು ಕುಳಿತಳು’ ಎಂಬುದೇ ನುಡಿಯ ಸಹಜ ಮಾರ್ಗ.