‘ನೀವು ಅವರಿಗೆ ಏನಾಗಬೇಕು?’

ನನಗೀಗ 20 ವರ್ಷ. ವೋಟು ಹಾಕಬಹುದು, ಗಾಡಿ ಓಡಿಸಬಹುದು, ಕೆಲಸಕ್ಕೆ ಸೇರಬಹುದು. ಮದುವೆ ಮಾತ್ರ ಆಗುವಂತಿಲ್ಲ. ಹುಡುಗನಿಗೆ 21 ತುಂಬಿರಬೇಕು ಎನ್ನುತ್ತದೆ ಕಾನೂನು. ಇನ್ನೊಂದು ವರ್ಷ ಕಳೆದರೆ ಆ ಅಡ್ಡಿಯೂ ಇಲ್ಲ. (ಮನೆಯವರ ಅಡ್ಡಿ ಬೇರೆ ಮಾತು. ‘ಮೊದಲು ಬಿ.ಇ. ಮುಗಿಸು, ಕೆಲಸ ಹಿಡಿ’ ಎಂದು ಅಮ್ಮ ಈಗಲೇ ಹೇಳಿಟ್ಟಿದ್ದಾಳೆ.)

ನನ್ನ ದೊಡ್ಡಪ್ಪನ ಮಗನಿಗೆ 31 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆರು ವರ್ಷದಿಂದ ಒಬ್ಬರ ಜೊತೆ ಒಂದೇ ಮನೆಯಲ್ಲಿದ್ದಾನೆ. ಬಾಡಿಗೆ, ರೇಷನ್, ಗ್ಯಾಸ್ ಎಲ್ಲವೂ ಅರ್ಧರ್ಧ. ಅವರಿಬ್ಬರಿಗೂ ಮದುವೆಯಾಗಬೇಕೆಂಬ ಆಸೆಯಿದೆ. ಆದರೆ ಎಷ್ಟು ವರ್ಷ ಕಾದರೂ ನಮ್ಮ ಕಾನೂನಿನಲ್ಲಿ ಅದು ಸಾಧ್ಯವಿಲ್ಲ. ಏಕೆಂದರೆ ಇಬ್ಬರೂ ಗಂಡಸರು. ಹೆಸರು ಹಾಕಬೇಡ, ಉಳಿದಿದ್ದೆಲ್ಲ ಬರಿ ಎಂದು ಅಣ್ಣ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

‘ಸಲಿಂಗ ವಿವಾಹಕ್ಕೆ ಸುಪ್ರೀಂ ಕೋರ್ಟ್ ನಕಾರ’ ಎಂಬ ಹೆಡ್ಡಿಂಗನ್ನು ನಾವೆಲ್ಲ ಓದಿದ್ದೇವೆ. ಆದರೆ ಅಲ್ಲಿ ಯಾರು ಏನು ಕೇಳಿದರು, ಕೋರ್ಟ್ ಯಾವುದಕ್ಕೆ ಇಲ್ಲ ಎಂದಿತು, ಯಾವುದನ್ನು ಒಪ್ಪಿತು ಎಂಬುದು ನಮ್ಮ ಹಾಸ್ಟೆಲ್ ಚರ್ಚೆಗಳಲ್ಲಿ ಬರುವುದೇ ಇಲ್ಲ. ಅಣ್ಣನ ನೆಪದಲ್ಲಿ ನಾನು ಅದನ್ನು ಓದಿ ತಿಳಿದುಕೊಂಡೆ.

ಈ ಕಥೆ ಮದುವೆಯಿಂದ ಶುರುವಾಗಿದ್ದಲ್ಲ, ಜೈಲಿನಿಂದ ಶುರುವಾಗಿದ್ದು. ಬ್ರಿಟಿಷರು 1860ರಲ್ಲಿ ಮಾಡಿದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಪ್ರಕಾರ ಸಲಿಂಗಿಗಳ ದೈಹಿಕ ಸಂಬಂಧವೇ ಅಪರಾಧ. ಜೀವಾವಧಿಯವರೆಗೂ ಶಿಕ್ಷೆ ಕೊಡಬಹುದಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಖಾಸಗಿ ಸಂಬಂಧ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ನಾಲ್ಕು ವರ್ಷ ಅಪರಾಧಿಗಳಲ್ಲದವರು ಒಂದೇ ದಿನದಲ್ಲಿ ಮತ್ತೆ ಅಪರಾಧಿಗಳಾದರು.

ಅಲ್ಲಿಂದ ದಾರಿ ತೆರೆದವರಲ್ಲಿ ನಮ್ಮ ರಾಜ್ಯದವರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಲೈಂಗಿಕ ಒಲವೂ ಖಾಸಗಿತನದ ಭಾಗವೇ ಎಂಬ ಮಾತು ಆ ತೀರ್ಪಿನಲ್ಲಿತ್ತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಜೈಲಿನ ಭಯ ಹೋಯಿತು. ಆಮೇಲೆ ಬಂದದ್ದು ಬದುಕಿನ ಪ್ರಶ್ನೆ. 2020ರಲ್ಲಿ ಕೇರಳ ಮತ್ತು ದೆಹಲಿ ಹೈಕೋರ್ಟುಗಳಲ್ಲಿ, 2022ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಜೋಡಿಗಳು ಅರ್ಜಿ ಹಾಕಿದರು. ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್ ಅವರ ಅರ್ಜಿಯ ಹೆಸರಿನಲ್ಲೇ ಪ್ರಕರಣ ದಾಖಲಾಯಿತು. ನಮ್ಮ ಬೆಂಗಳೂರಿನ ಲಿಂಗತ್ವ ಅಲ್ಪಸಂಖ್ಯಾತರ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಕೂಡ ಅರ್ಜಿದಾರರಲ್ಲಿ ಒಬ್ಬರು. 2023ರ ಏಪ್ರಿಲ್ 18ರಿಂದ ಹತ್ತು ದಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ವಾದ ನಡೆಯಿತು. ಅದನ್ನು ನೇರ ಪ್ರಸಾರ ಮಾಡಿದ್ದರಿಂದ ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದಿತ್ತು.

ಅರ್ಜಿದಾರರ ಕೇಳಿಕೆಯ ಕೇಂದ್ರದಲ್ಲಿದ್ದದ್ದು 1954ರ ವಿಶೇಷ ವಿವಾಹ ಕಾಯ್ದೆ. ಜಾತಿ, ಧರ್ಮ ಬೇರೆಯಾದವರು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗುವುದು ಇದೇ ಕಾಯ್ದೆಯಡಿ. ಅದರ 4ನೇ ಸೆಕ್ಷನ್ನಿನಲ್ಲಿ ‘ಯಾವುದೇ ಇಬ್ಬರು ವ್ಯಕ್ತಿಗಳು’ ಎಂದಿದೆ. ಆದರೆ ವಯಸ್ಸಿನ ಮಾತು ಬಂದಾಗ ಗಂಡಿಗೆ 21, ಹೆಣ್ಣಿಗೆ 18 ಎಂದಿದೆ. ಈ ಪದಗಳನ್ನು ಎಲ್ಲರಿಗೂ ಅನ್ವಯವಾಗುವಂತೆ ಓದಿಕೊಳ್ಳಿ, ಗಂಡ-ಹೆಂಡತಿ ಎನ್ನುವಲ್ಲಿ ‘ಸಂಗಾತಿ’ ಎಂದು ಭಾವಿಸಿ ಎಂಬುದು ಅರ್ಜಿದಾರರ ಕೋರಿಕೆ.

ಕೋಡ್ ಬರೆಯುವ ನಮಗೆ ಇದು ಎರಡು ನಿಮಿಷದ ಕೆಲಸ ಅನ್ನಿಸುತ್ತದೆ. ಆದರೆ ಒಂದು ಫೈಲಿನಲ್ಲಿ ವೇರಿಯಬಲ್ ಹೆಸರು ಬದಲಿಸಿ ರನ್ ಮಾಡಿದರೆ ಇನ್ನೆಲ್ಲೋ ಎರರ್ ಬರುವುದು ಕೂಡ ನಮಗೆ ಗೊತ್ತು. ಇಲ್ಲೂ ಹಾಗೇ. ಈ ಕಾಯ್ದೆಯಲ್ಲಿ ಜೀವನಾಂಶ ಕೇಳುವ ಹಕ್ಕು ‘ಹೆಂಡತಿ’ಗೆ ಇದೆ. ವಿಚ್ಛೇದನದ ಕೆಲವು ಕಾರಣಗಳು ಹೆಂಡತಿಗೆ ಮಾತ್ರ ಅನ್ವಯಿಸುತ್ತವೆ. ಆಸ್ತಿ ವಿಷಯ ಉತ್ತರಾಧಿಕಾರದ ಬೇರೆ ಕಾಯ್ದೆಗಳಿಗೆ ಜೋಡಣೆಯಾಗಿದೆ. ಸುಮಾರು 160 ಕಾನೂನು ಅಂಶಗಳ ಮೇಲೆ ಇದರ ಪರಿಣಾಮವಾಗುತ್ತದೆ ಎಂದು ಕೇಂದ್ರದ ಪರ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ವಾದಿಸಿದರು.

ತೀರ್ಪು ಬಂದದ್ದು 2023ರ ಅಕ್ಟೋಬರ್ 17ರಂದು. ಮದುವೆ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟ್ ತಿದ್ದಿ ಬರೆಯಲು ಬರುವುದಿಲ್ಲ, ಅದು ಸಂಸತ್ತಿನ ಕೆಲಸ ಎಂಬುದನ್ನು ಐವರೂ ಒಪ್ಪಿದರು. ಹೆಣ್ಣು-ಗಂಡಿನ ಸಂಬಂಧದಲ್ಲಿರುವ ಲಿಂಗತ್ವ ಅಲ್ಪಸಂಖ್ಯಾತರು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಎಂಬುದನ್ನೂ ಐವರೂ ಒಪ್ಪಿದರು. ಭಿನ್ನಾಭಿಪ್ರಾಯ ಬಂದದ್ದು ಮುಂದಿನ ಹೆಜ್ಜೆಯಲ್ಲಿ. ಮದುವೆ ಅಲ್ಲದಿದ್ದರೂ ಇಂಥ ಜೊತೆಬಾಳ್ವೆಗೆ ಸರ್ಕಾರ ಕಾನೂನಿನ ಮಾನ್ಯತೆ ಕೊಡಬೇಕು, ಅವರು ಜಂಟಿಯಾಗಿ ಮಗುವನ್ನು ದತ್ತು ಪಡೆಯಲು ಬಿಡಬೇಕು ಎಂದವರು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಎಸ್.ಕೆ. ಕೌಲ್. ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಇದನ್ನು ಒಪ್ಪಲಿಲ್ಲ. 3-2ರಲ್ಲಿ ಅರ್ಜಿದಾರರು ಸೋತರು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

‘ಮದುವೆ ಇಲ್ಲದಿದ್ದರೆ ಏನಾಯ್ತು, ಜೊತೆಗಿದ್ದಾರಲ್ಲ, ಯಾರೂ ತಡೆದಿಲ್ಲವಲ್ಲ’ ಎಂದು ನನ್ನ ರೂಮ್‌ಮೇಟ್ ಕೇಳಿದ. ಅವನಿಗೆ ನಾನು ಹೇಳಿದ್ದು ಎರಡು ವರ್ಷದ ಹಿಂದಿನ ಮಳೆಗಾಲದ ಕಥೆ. ಅಣ್ಣನಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಿತ್ತು. ಆಸ್ಪತ್ರೆಗೆ ಸೇರಿಸಿದ್ದು, ಡೆಪಾಸಿಟ್ ಕಟ್ಟಿದ್ದು, ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತಿದ್ದು ಅವನ ಸಂಗಾತಿ. ಐಸಿಯುಗೆ ಹಾಕಬೇಕಾದಾಗ ಕೌಂಟರಿನಲ್ಲಿ ಕೇಳಿದರು: ‘ನೀವು ಅವರಿಗೆ ಏನಾಗಬೇಕು?’ ಅವರು ‘ಫ್ರೆಂಡ್’ ಎಂದರು. ಬೇರೇನು ಹೇಳಲು ಸಾಧ್ಯವಿತ್ತು? ‘ಮನೆಯವರನ್ನು ಕರೆಸಿ’ ಎಂದರಂತೆ. ದೊಡ್ಡಪ್ಪ ರಾಣೆಬೆನ್ನೂರಿನಿಂದ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಬಂದು ಸಹಿ ಹಾಕಿದರು. ಅಣ್ಣ ಹುಷಾರಾದ. ಊರಿಗೆ ಮರಳಿದ ಮೇಲೆ ದೊಡ್ಡಪ್ಪ ಹೇಳಿದ್ದು ಒಂದೇ ಮಾತು: ‘ಆ ಹುಡುಗ ನೀರು ಸೈತ ಕುಡಿದಿರಲಿಲ್ಲ ನೋಡು.’ ದೊಡ್ಡಪ್ಪನ ಲೆಕ್ಕದಲ್ಲಿ ಅವರು ಇವತ್ತಿಗೂ ‘ರೂಮಿನ ಹುಡುಗ’.

ಇದು ಬರೀ ಆಸ್ಪತ್ರೆಯ ಮಾತಲ್ಲ. ಕೆಲಸ ಹುಡುಕುತ್ತಿರುವ ನಾವು ಇದನ್ನು ತಿಳಿದಿರಬೇಕು. ಭವಿಷ್ಯ ನಿಧಿಯ ನಿಯಮದಲ್ಲಿ ‘ಕುಟುಂಬ’ ಇರುವವರು ಕುಟುಂಬದವರನ್ನೇ ನಾಮಿನಿ ಮಾಡಬೇಕು. ಗಂಡ, ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಆ ಪಟ್ಟಿಯಲ್ಲಿದ್ದಾರೆ. ಸಲಿಂಗ ಸಂಗಾತಿ ಇಲ್ಲ. ಗ್ರಾಚ್ಯುಟಿಯದ್ದೂ ಹೆಚ್ಚುಕಡಿಮೆ ಇದೇ ಕಥೆ. ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯಲ್ಲಿ ಸಂಗಾತಿಗೆ ಕಾನೂನಿನ ಪ್ರಕಾರ ಚೂರೂ ಪಾಲಿಲ್ಲ. ಒಂಟಿ ವ್ಯಕ್ತಿ ದತ್ತು ಪಡೆಯಬಹುದು (ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ). ಆದರೆ ಜೋಡಿಯಾಗಿ ಪಡೆಯಲು ಎರಡು ವರ್ಷದ ಸ್ಥಿರ ದಾಂಪತ್ಯ ಇರಬೇಕು. ಅಂದರೆ ಇಬ್ಬರು ಸೇರಿ ಸಾಕಿದ ಮಗುವಿಗೆ ಕಾಗದದಲ್ಲಿ ಒಬ್ಬರೇ ಪೋಷಕರು. ಮದುವೆ ಎಂದರೆ ನಮಗೆ ಮಂಟಪ, ಊಟ, ಫೋಟೊ. ಈ ಜೋಡಿಗಳಿಗೆ ಅದು ಇಷ್ಟೂ ಫಾರಂಗಳಿಗೆ ಒಂದೇ ಏಟಿಗೆ ಸಿಗುವ ಉತ್ತರ.

ತೀರ್ಪು ಈ ತೊಂದರೆಗಳನ್ನು ಅಲ್ಲಗಳೆಯಲಿಲ್ಲ. ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿ ಮಾಡಿ ಇವುಗಳನ್ನು ಪರಿಶೀಲಿಸುವುದಾಗಿ ಕೇಂದ್ರ ಕೊಟ್ಟ ಮಾತನ್ನು ಕೋರ್ಟ್ ದಾಖಲಿಸಿಕೊಂಡಿತು. 2024ರ ಏಪ್ರಿಲ್‌ನಲ್ಲಿ ಸಮಿತಿ ರಚನೆಯಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಸಂಗಾತಿಯ ಜೊತೆ ಜಂಟಿ ಬ್ಯಾಂಕ್ ಖಾತೆ ತೆರೆಯಲು, ಅವರನ್ನು ಆ ಖಾತೆಗೆ ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲ ಎಂದು ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ರೇಷನ್ ಕಾರ್ಡಿಗೆ ಇಂಥ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಿ ಎಂದು ರಾಜ್ಯಗಳಿಗೆ ಪತ್ರ ಹೋಯಿತು. ಇದು ಸಣ್ಣದಲ್ಲ. ಆದರೆ ನಾಮಿನಿ ಎಂದರೆ ವಾರಸುದಾರ ಅಲ್ಲ ಎಂಬುದು ಬ್ಯಾಂಕಿಗೆ ಅಲೆದವರಿಗೆಲ್ಲ ಗೊತ್ತು. ಸುತ್ತೋಲೆಯನ್ನು ಇನ್ನೊಂದು ಸುತ್ತೋಲೆ ಅಳಿಸಬಹುದು. ಕಾಯ್ದೆಯನ್ನು ಹಾಗೆ ಅಳಿಸಲಾಗದು.

ಇದೆಲ್ಲ ಸಿಟಿಯ ಶ್ರೀಮಂತರ ಗೀಳು ಎಂಬ ವಾದ ಕೋರ್ಟಿನಲ್ಲೂ ಬಂತು. ಕೇಂದ್ರ ಸರ್ಕಾರವೇ ತನ್ನ ಲಿಖಿತ ಹೇಳಿಕೆಯಲ್ಲಿ ಇದನ್ನು ನಗರದ ಗಣ್ಯರ ದೃಷ್ಟಿಕೋನ ಎಂದಿತ್ತು. ತೀರ್ಪು ಈ ವಾದವನ್ನು ಒಪ್ಪಲಿಲ್ಲ. ಉತ್ತರ ಕರ್ನಾಟಕದಲ್ಲಿ ಬೆಳೆದ ನನಗೂ ಅದು ಒಪ್ಪಿಗೆಯಾಗುವುದಿಲ್ಲ. ಎಲ್ಲಮ್ಮನ ಜೋಗಪ್ಪಗಳನ್ನು ಕಾಣದ ಊರು ನಮ್ಮ ಕಡೆ ಎಲ್ಲಿದೆ? ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಅವರದು ಲಿಂಗತ್ವದ ಪ್ರಶ್ನೆ, ಅಣ್ಣನದು ಬೇರೆ, ಎರಡನ್ನೂ ಕಲಸಬಾರದು. ಆದರೆ ‘ನಮ್ಮಲ್ಲಿ ಇಂಥವರಿಲ್ಲ’ ಎನ್ನುವ ಮಾತಿಗೆ ಇಷ್ಟು ಸಾಕು. ಸಲಿಂಗಿ ಹುಡುಗನೊಬ್ಬನ ಬದುಕನ್ನು ಹೇಳುವ ವಸುಧೇಂದ್ರರ ‘ಮೋಹನಸ್ವಾಮಿ’ ಕಥೆಗಳನ್ನು ಕನ್ನಡಿಗರು 2013ರಿಂದಲೇ ಓದುತ್ತಿದ್ದಾರೆ.

ಹಾಗಾದರೆ ಮುಂದೇನು? ಕೋರ್ಟ್ ಬೆರಳು ತೋರಿದ್ದು ಸಂಸತ್ತಿನ ಕಡೆಗೆ. ವಿಶೇಷ ವಿವಾಹ ಕಾಯ್ದೆಗೆ ತಿದ್ದುಪಡಿ ಕೋರಿ ಸಂಸದೆ ಸುಪ್ರಿಯಾ ಸುಳೆ 2022ರಲ್ಲೇ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ. ಬೇರೆ ದೇಶಗಳನ್ನು ನೋಡಿದರೆ ಎಲ್ಲರ ದಾರಿಯೂ ಒಂದೇ ಅಲ್ಲ. ಐರ್ಲೆಂಡಿನಲ್ಲಿ 2015ರಲ್ಲಿ ಜನರೇ ಮತ ಹಾಕಿದರು, 62 ಶೇಕಡಾ ಜನ ಒಪ್ಪಿದರು. ತೈವಾನಿನಲ್ಲಿ 2017ರಲ್ಲಿ ಕೋರ್ಟ್ ಸಂಸತ್ತಿಗೆ ಎರಡು ವರ್ಷ ಗಡುವು ಕೊಟ್ಟಿತು. ನಡುವೆ ಜನಮತಗಣನೆಯಲ್ಲಿ ಸೋಲಾಯಿತು, ಆದರೂ 2019ರಲ್ಲಿ ಕಾಯ್ದೆ ಬಂತು. ಪಕ್ಕದ ನೇಪಾಳದಲ್ಲಿ ಕೋರ್ಟಿನ ಮಧ್ಯಂತರ ಆದೇಶದ ಮೇಲೆ 2023ರಲ್ಲಿ ಮೊದಲ ಮದುವೆ ನೋಂದಣಿಯಾಯಿತು. ಥಾಯ್ಲೆಂಡಿನಲ್ಲಿ ಸಂಸತ್ತೇ ಕಾಯ್ದೆ ಮಾಡಿ, 2025ರ ಜನವರಿ 23ರಿಂದ ಜಾರಿಗೆ ತಂತು. ನಮ್ಮಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಇಬ್ಬರು ಯುವತಿಯರ ಪ್ರಕರಣದಲ್ಲಿ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ, ತಾವೇ ಆರಿಸಿಕೊಂಡ ಕುಟುಂಬಕ್ಕೂ ಬೆಲೆಯಿದೆ ಎಂದಿತು.

ವಿದ್ಯಾರ್ಥಿಗಳು ಏನು ಮಾಡಲಾದೀತು ಎಂದು ನೀವು ಕೇಳಬಹುದು. 2023ರಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ಭಾರತೀಯ ವಕೀಲರ ಪರಿಷತ್ತು ಅರ್ಜಿಗಳ ವಿರುದ್ಧ ನಿರ್ಣಯ ಮಾಡಿತು. ಅದನ್ನು ಬಹಿರಂಗವಾಗಿ ಖಂಡಿಸಿದವರಲ್ಲಿ ದೇಶದ ಹಲವು ಕಾನೂನು ಕಾಲೇಜುಗಳ ವಿದ್ಯಾರ್ಥಿ ಗುಂಪುಗಳಿದ್ದವು. ನಾಳೆ ತಮಗೆ ಸನ್ನದು ಕೊಡಬೇಕಾದ ಸಂಸ್ಥೆಯ ಎದುರೇ ಅವರು ಮಾತಾಡಿದರು.

ನಮ್ಮ ಕೈಲಾಗುವುದು ಇನ್ನೂ ಸುಲಭದ್ದು. ಪ್ಲೇಸ್‌ಮೆಂಟ್ ಆದ ಮೇಲೆ ಗುಂಪು ವಿಮೆಯಲ್ಲಿ ‘ಸಂಗಾತಿ’ ಎಂದರೆ ಯಾರ‍್ಯಾರು ಬರುತ್ತಾರೆ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಬಹುದು. ಕೆಲವು ಕಂಪನಿಗಳು ಈಗಾಗಲೇ ಸಲಿಂಗ ಸಂಗಾತಿಗಳನ್ನು ಸೇರಿಸಿಕೊಂಡಿವೆ. ಕೇಳುವವರು ಹೆಚ್ಚಾದರೆ ಉಳಿದವೂ ಯೋಚಿಸುತ್ತವೆ. ಇಂಥ ಗೆಳೆಯ, ಗೆಳತಿ ನಿಮಗಿದ್ದರೆ ಉಯಿಲು ಮತ್ತು ಜಂಟಿ ಖಾತೆಯ ವಿಷಯ ತಿಳಿಸಿ, ಅದು ಇವತ್ತೇ ಆಗುವ ಕೆಲಸ. ಇನ್ನು ಮುಂದಿನ ಲೋಕಸಭಾ ಚುನಾವಣೆಯಲ್ಲಿ ನನ್ನ ವಯಸ್ಸಿನವರೂ ಸಂಸದರನ್ನು ಆರಿಸುತ್ತೇವೆ. ರಸ್ತೆ, ಉದ್ಯೋಗ, ಪರೀಕ್ಷೆ ಸೋರಿಕೆಯ ಬಗ್ಗೆ ಕೇಳುವಾಗ ಇದನ್ನೂ ಒಂದು ಪ್ರಶ್ನೆಯಾಗಿ ಸೇರಿಸೋಣ. ತೀರ್ಪು ಬರೆದ ಐವರೂ ಚೆಂಡನ್ನು ಸಂಸತ್ತಿನ ಅಂಗಳಕ್ಕೇ ಹಾಕಿದ್ದಾರೆ. ಅಲ್ಲಿಗೆ ಯಾರು ಹೋಗಬೇಕೆಂದು ಆರಿಸುವವರಲ್ಲಿ ನಾನೂ ಒಬ್ಬ, ನೀವೂ ಒಬ್ಬರು.